ಬೀರಪ್ಪನಿಗೆ ಎರಡನೇ ಎಡೆ

"ಇದು ಹಸಿ ಐತ್ರಿ."

ಬೀರೇಶ ಸುಧಾರಾಣಿಗೆ ಹೇಳಿದ ಮೊಟ್ಟಮೊದಲ ಮಾತು ಇದು!

ಹೆಸರು ಕೇಳಲಿಲ್ಲ. ಕೆಲಸ ಕೇಳಲಿಲ್ಲ. ಹೆಣ್ಣು ನೋಡಲು ಬಾದಾಮಿಯಿಂದ ಹುನಗುಂದಕ್ಕೆ ಬಂದ ವರ, ಊಟದ ಸಾಲಿನಲ್ಲಿ ಕೂತು, ಮೊದಲ ತುತ್ತು ಬಾಯಿಗಿಟ್ಟು, ಬಡಿಸುತ್ತಿದ್ದವಳ ಮುಖ ನೋಡಿ ಇಷ್ಟು ಹೇಳಿದ.

ಸುಧಾರಾಣಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಸಾಲಿನಲ್ಲಿ ಉಳಿದವರು ಅಗಿಯುತ್ತಲೇ ಇದ್ದರು. ಅವನ ತಾಯಿ ರೇಣವ್ವ ಅದೇ ತುಂಡನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದಳು. ಸಂಬಂಧ ಕುದುರಿಸಿದ ಸೋದರಮಾವ ಸಂಗಮೇಶ ನೀರು ಕುಡಿದು ನುಂಗುತ್ತಿದ್ದ. "ಭಾಳ ಛಲೋ ಆಗೈತಿ" ಎಂದು ಅವನು ಆಗಲೇ ಹೇಳಿಯೂ ಆಗಿತ್ತು.

"ಅಜ್ಜಾರ, ನೀವು ಬಾಯಾಗ ಇಡಬ್ಯಾಡ್ರಿ," ಎಂದ ಬೀರೇಶ, ಎದುರಿಗೆ ಕೂತ ಸುಧಾರಾಣಿಯ ಅಜ್ಜ ಹುಲ್ಲಪ್ಪಜ್ಜನಿಗೆ. "ಒಳಗ ಇನ್ನೂ ನೆತ್ತರ ಐತಿ. ಉಪ್ಪೂ ಇಲ್ಲ. ನಿಮ್ಮ ವಯಸ್ಸಿಗೆ ಇದು ಪಚನ ಆಗಂಗಿಲ್ಲ."

ಹುಲ್ಲಪ್ಪಜ್ಜನ ಕೈ ತಾಟಿಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಎಂಬತ್ತರ ಗಡಿಯಲ್ಲಿದ್ದ ಆ ಮನುಷ್ಯನಿಗೆ ಅವನದೇ ಮನೆಯಲ್ಲಿ ಉಣ್ಣಬೇಡ ಎಂದವರು ಇದುವರೆಗೆ ಯಾರೂ ಇರಲಿಲ್ಲ.

'ಸತ್ತೆ!' ಎಂದುಕೊಂಡಳು ಸುಧಾರಾಣಿ.

ಯಾಕೆಂದರೆ ಅದು ಬರೀ ಅಡಿಗೆಯಾಗಿರಲಿಲ್ಲ.

ಈ ಮನೆಯಲ್ಲೊಂದು ರೂಢಿ. ಮದುವೆ ಗೊತ್ತಾಗುವ ದಿನ ಮನೆಮಗಳು ತಾನೇ ಕುರಿಯ ತೊಡೆ ಬೇಯಿಸಿ ಮನೆದೇವರು ಬೀರಪ್ಪನಿಗೆ ಎಡೆ ಕೊಡಬೇಕು. ಎಡೆ ಆಗುವವರೆಗೆ ತೊಡೆಯನ್ನು ಕಡಿಯುವಂತಿಲ್ಲ, ಇಡಿಯಾಗಿಯೇ ಬೇಯಬೇಕು. ಬೇರೆ ಯಾರೂ ಕೈ ಹಾಕುವಂತಿಲ್ಲ. ದೇವರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ, ಬೇಯಿಸಿದವಳೂ ಸೇರಿ. ಎಡೆಯಾದ ಮೇಲೆ ಬೀಗರಿಗೆ ಬಡಿಸಿ, ಉಂಡವರು ಒಪ್ಪಿದರೆ ಸಕ್ಕರೆ ಹಂಚುವುದು. ಅಲ್ಲಿಗೆ ಮಾತು ಪಕ್ಕಾ.

ಸುಧಾರಾಣಿ ಬಾಗಲಕೋಟೆಯ ಹಾಸ್ಟೆಲಿನಲ್ಲಿ ಓದಿ ಬೆಳೆದವಳು. ಈಗ ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟ್. ಮೆಸ್ಸಿನಲ್ಲಿ ಉಂಡು ಗೊತ್ತೇ ಹೊರತು ಮಟನ್ ಬೇಯಿಸಿ ಗೊತ್ತಿಲ್ಲ. ಹೆಚ್ಚಾದರೆ ತೆಗೆಯಲಾಗದು ಎಂಬ ಹೆದರಿಕೆಗೆ ಉಪ್ಪನ್ನು ಬೆರಳ ತುದಿಯಲ್ಲಿ ಹಾಕಿದ್ದಳು. ತೊಡೆಯ ಮೇಲ್ಭಾಗ ಕೆಂಪಗೆ ಬಣ್ಣ ಬಂದಿದ್ದೇ ಬೆಂದಿದೆ ಎಂದು ಇಳಿಸಿದ್ದಳು. ಹಿತ್ತಿಲ ಒಲೆಯ ಹೊಗೆಯಲ್ಲಿ ಕಣ್ಣೂ ಸರಿಯಾಗಿ ಬಿಟ್ಟಿರಲಿಲ್ಲ.

ಬೀರೇಶ ಎದ್ದ. ತಾಟು ಕೈಯಲ್ಲೇ ಇತ್ತು.

"ಎಲ್ಲಿಗೆ ಹೊಂಟೀಲೇ?" ಸಂಗಮೇಶ ಗದರಿದ.

"ಒಲಿ ಹಂತ್ಯಾಕ."

ಮಾತು ಪಕ್ಕಾ ಆಗದ ಮನೆಯ ಒಲೆಯ ಹತ್ತಿರ ಗಂಡಿನ ಕಡೆಯವರು ಕಾಲಿಡುವುದೇ? ಬಾಗಿಲಲ್ಲಿ ನಿಂತ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅವನು ಅವರ ನಡುವೆಯೇ ದಾರಿ ಮಾಡಿಕೊಂಡು ಹಿತ್ತಿಲಿಗೆ ಹೋದ. ಸುಧಾರಾಣಿಯ ಅವ್ವ ಮಹಾದೇವಿ ಹಿಂದೆ ಓಡಿದಳು. ಸುಧಾರಾಣಿಯೂ ಓಡಿದಳು.

ಅವನು ಪಾತೇಲಿಯ ಮುಚ್ಚಳ ತೆಗೆದ. ಬೇಯಿಸಿದ್ದ ಎರಡು ತೊಡೆಗಳಲ್ಲಿ ಒಂದನ್ನಷ್ಟೇ ಕಡಿದು ಬಡಿಸಿದ್ದರಿಂದ, ಎರಡನೆಯದು ಒಳಗೆ ಇಡಿಯಾಗಿಯೇ ಇತ್ತು. ಬೆರಳಿನಿಂದ ಒತ್ತಿದ.

"ಇದನ್ನ ಉಳಸಬಹುದು. ಉರಿ ಮಾಡ್ರಿ."

"ನಿಲ್ಲೋ!" ಹುಲ್ಲಪ್ಪಜ್ಜನ ಧ್ವನಿ. ಕೋಲೂರಿಕೊಂಡು ಬಾಗಿಲಿಗೆ ಬಂದಿದ್ದ. "ದೇವರಿಗೆ ಎಡಿ ಆದದ್ದನ್ನ ಮತ್ತ ಒಲಿ ಮ್ಯಾಲ ಇಡಂಗಿಲ್ಲ. ನಮ್ಮ ಮನ್ಯಾಗ ಯಾರೂ ಇಟ್ಟಿಲ್ಲ."

ಬೀರೇಶ ಪಾತೇಲಿಯನ್ನು ಒಲೆಯ ಪಕ್ಕ ಇಳಿಸಿದ.

ಸುಧಾರಾಣಿ ಮುಂದೆ ಬಂದಳು.

"ಅಜ್ಜಾ... ಹಂಗಾರ ನಾವು ದೇವರಿಗೂ ಹಸೀದ ತಿನಿಸಿದಂಗ ಆತಲ್ಲ?"

"ಏನಂದಿ?!"

"ಬೀಗರಿಗೆ ಬ್ಯಾರೆ ಏನರ ಮಾಡಿ ಹಾಕಬಹುದು. ಬೀರಪ್ಪ ಏನ್ ಮಾಡ್ಬೇಕು? ಹಸದ ಕುಂದರಬೇಕೇನು? ಬೇಯಿಸಿ ಅವಗ ಇನ್ನೊಂದ ಸಲ ಎಡಿ ಕೊಡೂಣು."

ಹುಲ್ಲಪ್ಪಜ್ಜ ಮೊಮ್ಮಗಳನ್ನೇ ನೋಡಿದ. ಅವನ ಜೀವಮಾನದಲ್ಲಿ ದೇವರು ಹಸಿದು ಕೂತದ್ದರ ಬಗ್ಗೆ ಯಾರೂ ಮಾತೆತ್ತಿರಲಿಲ್ಲ. ಬಹಳ ಹೊತ್ತು ಕೋಲಿನಿಂದ ನೆಲ ಗೀರಿದ.

"ಇಡ್ರಿ," ಎಂದ ಕೊನೆಗೆ. "ಆದ್ರ ಇಕೀನ ಕೈಯಿಂದನ ಆಗ್ಬೇಕು. ತೊಡಿ ತುಂಡ ಆಗಬಾರದು. ಮತ್ತ ಯಾರೂ ರುಚಿ ನೋಡಂಗಿಲ್ಲ!"

ಬೀರೇಶ ಹೇಳುತ್ತಾ ಹೋದ, ಸುಧಾರಾಣಿ ಮಾಡುತ್ತಾ ಹೋದಳು.

"ಎಲುಬಿನ ತನಕ ಗೀರ್ರಿ. ಇನ್ನೂ ಆಳ. ಹೆದರಬ್ಯಾಡ್ರಿ, ಅದು ಸತ್ತ ಹೋಗೈತಿ."

ಅವಳಿಗೆ ನಗು ಬಂತು. ಸಿಟ್ಟೂ ಬಂತು.

"ಗೀರಿದ್ರ ತುಂಡ ಆಗ್ತೈತೇನೋ?" ಅವ್ವ ಗಾಬರಿಯಾದಳು.

"ಎಲುಬಿಗೆ ಹತ್ತಿಕೊಂಡ ಇರ್ತೈತಿ ಅವ್ವ. ಗೀರೂದ ಬ್ಯಾರೆ, ಕಡಿಯೂದ ಬ್ಯಾರೆ," ಎಂದಳು ಸುಧಾರಾಣಿ.

"ಕೋರ್ಟಿನ್ಯಾಗ ಇರಾಕಿ ಅಂತ ಕೇಳಿದ್ದೆ," ಎಂದ ಬೀರೇಶ.

ಉಳ್ಳಾಗಡ್ಡಿಯನ್ನು ಕೆಂಡದಲ್ಲಿ ಸುಡಿಸಿದ. ಒಣಕೊಬ್ಬರಿ ಹುರಿಸಿದ. ಬೆಳ್ಳುಳ್ಳಿ, ಮಸಾಲಿ ಖಾರ ಸೇರಿಸಿ ಅರೆಸಿದ. ಗೀರಿದ ಸಂದುಗಳಲ್ಲಿ ಅದನ್ನು ಅವಳ ಬೆರಳಿನಿಂದಲೇ ತುಂಬಿಸಿದ. ಅವಳು ತಂಬಿಗೆಯ ನೀರು ಸುರಿಯಲು ಹೋದಾಗ ಹೌಹಾರಿದ.

"ತಣ್ಣೀರ ಬ್ಯಾಡ್ರಿ! ಖಂಡ ಬಿಗಿ ಆಗ್ತೈತಿ. ಕಾಯಿಸಿ ಹಾಕ್ರಿ."

ರೊಟ್ಟಿಗೆಂದು ನಾದಿಟ್ಟ ಜೋಳದ ಹಿಟ್ಟನ್ನು ಬತ್ತಿಯಂತೆ ಹೊಸೆದು ಮುಚ್ಚಳದ ಸುತ್ತ ಮೆತ್ತಲು ಹೇಳಿದ. ಆವಿ ಹೊರಗೆ ಹೋಗಬಾರದು. ಉರಿ ಸಣ್ಣದಾಗಿರಬೇಕು. ಇನ್ನು ಕಾಯುವುದಷ್ಟೇ.

ಮಹಾದೇವಿ ಇದನ್ನೆಲ್ಲ ನೋಡುತ್ತಲೇ ಇದ್ದಳು. ಅಂಗಿಯ ತೋಳು ಮಡಚಿದ ಅವನ ಮೊಣಕೈ ತನಕ ಎಣ್ಣೆ ಸಿಡಿದ ಹಳೆಯ ಕಲೆಗಳು.

"ತಮ್ಮಾ, ನೀ ಹೋಟೆಲ್ಲಿನ್ಯಾಗ ಮ್ಯಾನೇಜರ್ ಅಲ್ಲ?"

ಆಗಲೇ ಸಂಗಮೇಶ, ರೇಣವ್ವ ಇಬ್ಬರೂ ಹಿಂದೆ ಬಂದು ನಿಂತಿದ್ದರು. ಸಂಗಮೇಶ ಕೆಮ್ಮಿದ. ರೇಣವ್ವ ಮಗನಿಗೆ ಕಣ್ಸನ್ನೆ ಮಾಡಿದಳು... ಬೇಡ, ಬೇಡ!

"ಅಲ್ರಿ," ಎಂದ ಬೀರೇಶ. "ನಾ ಅಲ್ಲೆ ಅಡಿಗಿ ಮಾಡ್ತೇನಿ."

ಸುಧಾರಾಣಿ ತಿರುಗಿ ಅವನನ್ನು ನೋಡಿದಳು. ಅಡಿಗೆಯವನು! ಫೋಟೋ ಕಳಿಸಿದಾಗ ಟೈ ಕಟ್ಟಿದ್ದ. 'ಬಾದಾಮಿಯ ದೊಡ್ಡ ಹೋಟೆಲಿನ ಮ್ಯಾನೇಜರ್' ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಸಂಗಮೇಶಪ್ಪಾ!" ಅಜ್ಜ ಗುಡುಗಿದ. "ನನ್ನ ಮೊಮ್ಮಗಳನ್ನ ಸುಳ್ಳ ಹೇಳಿ ಒಯ್ಯಾಕ ಬಂದಿಯೇನು?"

"ಅಜ್ಜಾರ, ಮುಂದ ಮ್ಯಾನೇಜರ್ ಆಗಾವ ಇದ್ದಾನ್ರಿ..."

"ಮುಂದ ನಾನೂ ಸಾಯಾವ ಇದ್ದೇನಿ. ಈಗ ಹೆಣಾ ಹೊರ್ತಿಯೇನು? ಅಡಿಗಿ ಮಾಡೂದು ಹೊಲಸಲ್ಲ. ಸುಳ್ಳ ಹೊಲಸು. ಸಕ್ರಿ ಹಂಚೂದು ಬ್ಯಾಡ. ಉಂಡ ಹೋಗ್ರಿ."

ಅಷ್ಟೇ. ಸಂಬಂಧ ಮುರಿಯಿತು.

ರೇಣವ್ವ ಕಣ್ಣೊರೆಸಿಕೊಳ್ಳುತ್ತ ಪಡಸಾಲೆಗೆ ಹೋದಳು. "ನಡೀ, ಬಸ್ ಹಿಡಿಯೂಣು," ಎಂದು ಸಂಗಮೇಶ ಬೀರೇಶನ ತೋಳು ಎಳೆದ.

"ನೀವು ಹೋಗಿ ಕುಂದರ್ರಿ ಮಾವ. ಇದು ಬೆಂದ ಮ್ಯಾಲ ಬರ್ತೇನಿ."

ಒಲೆಯ ಒಂದು ಕಡೆ ಅವನು. ಇನ್ನೊಂದು ಕಡೆ ಅವಳು. ಅವ್ವ ಬಾಗಿಲ ಹೊಸ್ತಿಲ ಮೇಲೆ ಕಾವಲು ಕೂತಿದ್ದಳು.

"ಸುಮ್ಮನ ಕುಂತಿದ್ರ ಆಗ್ತಿತ್ತಲ್ರಿ?" ಸುಧಾರಾಣಿ ಕುಟುಕಿದಳು. "ಹಸೀದ ನುಂಗಿದ್ರ ಸಕ್ರಿ ಹಂಚಿ ಮನಿಗೆ ಹೋಗ್ತಿದ್ರಿ. ಸುಳ್ಳ ಹೇಳಾವ್ರಿಗೆ ಅಷ್ಟ ಆಗಂಗಿಲ್ಲೇನು?"

"ನಾ ಹೇಳಿಲ್ಲ. ಮಾವ ಹೇಳಿದ."

"ನೀವು ಸುಮ್ಮನ ಇದ್ರಿ."

"ಹೌದು," ಎಂದ. "ಸುಮ್ಮನ ಇದ್ದೆ. ಅದೂ ಸುಳ್ಳ. ಖರೆ ಹೇಳಿದಲ್ಲೆಲ್ಲ ಸಂಬಂಧ ಮುರದಿದ್ವು. ಬ್ಯಾಸತ್ತಿದ್ದೆ."

ಅವನು ಒಂದು ಕಟ್ಟಿಗೆ ಹಿಂದಕ್ಕೆ ಎಳೆದು ಉರಿ ಇಳಿಸಿದ. ಸುಧಾರಾಣಿ ಅವನ ಮುಖ ನೋಡಿದಳು. ಸಮಜಾಯಿಷಿ ಬರುತ್ತದೆ ಎಂದು ಕಾದಳು. ಬರಲಿಲ್ಲ.

'ಎದ್ದು ಬರುವಾಗಲೇ ಇವನಿಗೆ ಗೊತ್ತಿತ್ತು... ಒಲೆ ಮುಟ್ಟಿದರೆ ಬಣ್ಣ ಬಯಲಾಗುತ್ತದೆ ಅಂತ. ಗೊತ್ತಿದ್ದೂ ಎದ್ದ!'

ಯಾಕೆ? ಅಜ್ಜನ ಹೊಟ್ಟೆ ಕೆಡಬಾರದು ಎಂದು? ಅಥವಾ...

"ಯಾಕ ಎದ್ರಿ?" ಕೇಳಿಯೇಬಿಟ್ಟಳು.

ಅವನು ತಡವರಿಸಿದ. "ನೀವು ಬಡಸಾಗ ನಿಮ್ಮ ಕೈ ನಡಗಾಕತ್ತಿತ್ತು. ಎಲ್ಲಾರೂ ಛಲೋ ಆಗೈತಿ ಅಂತಿದ್ರು. ನಾವು ಹೋದ ಮ್ಯಾಲ ನೀವು ಅದನ್ನ ಉಣ್ತಿದ್ರಿ. ಎಲ್ಲಾರೂ ಸುಳ್ಳ ಹೇಳಿ ಹೋದ್ರು ಅಂತ ಒಬ್ಬಾಕೀಗೆ ಗೊತ್ತಾಗ್ತಿತ್ತು. ಅದು ಛಲೋ ಅನಸಲಿಲ್ಲ."

ಸುಧಾರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಎಂದುಕೊಂಡಳು. ಹೊಗೆ ಅವಳ ಕಡೆಗೆ ಬರುತ್ತಲೇ ಇರಲಿಲ್ಲ!

ಹೊತ್ತು ಇಳಿಯುವಾಗ ಹಿಟ್ಟಿನ ಬತ್ತಿ ಬಿರಿದು ಸಂದಿನಿಂದ ವಾಸನೆ ಹೊರಬಿತ್ತು. ಪಡಸಾಲೆಯಲ್ಲಿ ಮುಖ ತಿರುಗಿಸಿ ಕೂತವರೆಲ್ಲ ಒಬ್ಬೊಬ್ಬರಾಗಿ ಹಿತ್ತಿಲ ಬಾಗಿಲಿಗೆ ಬಂದರು. ಮುಚ್ಚಳ ತೆಗೆದಾಗ ಖಂಡ ಎಲುಬಿನಿಂದ ಜಾರಲು ಸಿದ್ಧವಾಗಿತ್ತು.

"ಬೆಂದೈತಿ," ಎಂದ ಬೀರೇಶ. "ಉಪ್ಪಷ್ಟ ಉಳೀತು."

ಅಲ್ಲೇ ತೊಡಕು. ಮತ್ತೆ ಎಡೆ ಕೊಡಬೇಕಾದ ಪಾತೇಲಿಯ ರುಚಿ ನೋಡುವಂತಿಲ್ಲ. ಅಂದಾಜಿನ ಉಪ್ಪು ಒಮ್ಮೆ ಕೈ ಕೊಟ್ಟಾಗಿದೆ.

ಬೀರೇಶ ತನ್ನ ತಾಟು ಎತ್ತಿಕೊಂಡ. ಊಟದ ಸಾಲಿನಿಂದ ತಂದಿದ್ದ ಅದೇ ತಾಟು, ಅದೇ ಸಪ್ಪೆ ಎಸರು.

"ಇದು ಮೊದಲನೇ ಎಡಿ ಆದ ಮ್ಯಾಲ ನನಗ ಬಡಸಿದ್ದು. ಇದನ್ನ ನೋಡಬಹುದಲ್ರಿ ಅಜ್ಜಾರ? ಇದರಾಗ ಎಷ್ಟ ಬೇಕೋ ನೋಡಿ, ಆ ಅಳತಿ ಮ್ಯಾಲ ಪಾತೇಲಿಗೆ ಹಾಕೂದು."

ಹುಲ್ಲಪ್ಪಜ್ಜ ಯೋಚಿಸಿ ತಲೆಯಾಡಿಸಿದ.

ಬೀರೇಶ ಚಿಟಿಕೆ ಉಪ್ಪು ಕಲಸಿದ. ಬೆರಳು ಅದ್ದಿ ನೋಡಿದ. ಮತ್ತಷ್ಟು ಕಲಸಿದ. ಹಣೆ ಗಂಟಿಕ್ಕಿದ.

"ನನ್ನ ನಾಲಿಗಿ ಹೋಟೆಲ್ ನಾಲಿಗಿ ಆಗೈತಿ. ಪ್ರವಾಸಿಗರಿಗೆ ಕಮ್ಮಿ ಹಾಕಿ ಹಾಕಿ ರೂಢಿ. ನಿಮ್ಮ ಮನ್ಯಾವ್ರು ಯಾರರ ನೋಡ್ರಿ."

ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಅಜ್ಜ ಮುಖ ತಿರುಗಿಸಿದ.

ಸುಧಾರಾಣಿ ಬಗ್ಗಿ, ಅವನ ತಾಟಿನ ಎಸರಿನಲ್ಲಿ ಬೆರಳು ಅದ್ದಿ, ಬಾಯಿಗಿಟ್ಟಳು.

"ಇನ್ನೊಂದ ಚೂರು ಬೇಕು," ಎಂದಳು.



ಅವಳು ತಲೆ ಎತ್ತಿದಳು. ಬಾಗಿಲ ತುಂಬ ಮುಖಗಳು. ಎಲ್ಲ ಬಾಯಿಗಳೂ ತೆರೆದಿದ್ದವು. ರೇಣವ್ವನ ಕೈ ಎದೆಯ ಮೇಲಿತ್ತು.

"ಯವ್ವಾ! ಅಂವ ಉಂಡ ತಾಟು!"

ಆಗ ಹೊಳೆಯಿತು ಸುಧಾರಾಣಿಗೆ!

ಗಂಡಸಿನ ಎಂಜಲು ತಾಟಿನಲ್ಲಿ ಉಣ್ಣುವವಳು ಅವನ ಹೆಂಡತಿ. ಮದುವೆಯಲ್ಲಿ ಐದು ಮಂದಿ ಮುತ್ತೈದೆಯರು ಕೂತು, ಹಾಡು ಹೇಳಿ, ಸತಾಯಿಸಿ ಮಾಡಿಸುವುದನ್ನು ಅವಳು ಹಿತ್ತಿಲಲ್ಲಿ, ಮಸಿ ಮೆತ್ತಿದ ಕೈಯಲ್ಲಿ, ಮುರಿದ ಸಂಬಂಧದ ಗಂಡಿನ ತಾಟಿನಲ್ಲಿ ಮಾಡಿಬಿಟ್ಟಿದ್ದಳು.

ಬೀರೇಶನ ಕೈಯಲ್ಲಿ ತಾಟು ನಡುಗುತ್ತಿತ್ತು. ಈಗ ಅವನದು!

"ಗೊತ್ತಾಗದ ಮಾಡ್ಯಾಳ," ಅವ್ವ ಗಡಿಬಿಡಿಯಿಂದ ಎಂದಳು. "ಸಣ್ಣಾಕಿ... ಲಕ್ಷ್ಯ ಇಲ್ಲದ..."

ಅವಳು 'ಹೌದು' ಎಂದರೆ ಮುಗಿಯುತ್ತಿತ್ತು. ಬಾಯಿ ತೊಳೆದುಕೊಂಡರೆ ಎಲ್ಲರೂ ಮರೆತಂತೆ ನಟಿಸುತ್ತಿದ್ದರು. ಬೀರೇಶ ಬಸ್ಸು ಹತ್ತುತ್ತಿದ್ದ. ಮುಂದಿನ ವಾರ ಇನ್ನೊಂದು ಫೋಟೋ ಬರುತ್ತಿತ್ತು, ಇನ್ನೊಂದು ಟೈ.

"ಮೊದಲ ಗೊತ್ತಿರಲಿಲ್ಲ," ಎಂದಳು. "ಈಗ ಗೊತ್ತೈತಿ."

ಮತ್ತೆ ಬೆರಳು ಅದ್ದಿದಳು. ಎಲ್ಲರೂ ನೋಡುತ್ತಿರುವಂತೆಯೇ ಬಾಯಿಗಿಟ್ಟಳು!

"ಸುಧಾ!" ಅಜ್ಜ ಕೋಲು ಕುಟ್ಟಿದ. "ಸುಳ್ಳ ಹೇಳಿದ ಮಂದಿ ಅದಾರವ್ವ!"

"ನಾವೂ ಹೇಳೇವಿ ಅಜ್ಜ. ಅವರ ಮನ್ಯಾವ್ರು ಇವರು ಅಡಿಗಿಯವ್ರಲ್ಲ, ಮ್ಯಾನೇಜರ್ ಅಂದ್ರು. ನಮ್ಮ ಮನ್ಯಾವ್ರು ನನಗ ಅಡಿಗಿ ಬರ್ತೈತಿ ಅಂದ್ರು. ಎಲ್ಲಾರ ಸುಳ್ಳೂ ಆ ಪಾತೇಲ್ಯಾಗ ಐತಿ ನೋಡು."

"ಯಾರಂದ್ರು ನಿನಗ ಅಡಿಗಿ ಬರ್ತೈತಿ ಅಂತ?"

ಮಹಾದೇವಿ ಸೆರಗು ಎಳೆದುಕೊಂಡು ಮೆಲ್ಲಗೆ ಹೇಳಿದಳು:

"ನೀವ ಹೇಳೀರಿ ಮಾವಾರ. 'ನಮ್ಮ ಸುಧಾನ ಕೈರುಚಿ ಹುನಗುಂದಕ್ಕ ಒಂದನೇದು' ಅಂತ."

ಅಜ್ಜ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಮೊದಲು ನಕ್ಕವಳು ರೇಣವ್ವ. ಅಳುತ್ತಳುತ್ತಲೇ ನಕ್ಕಳು. ಆಮೇಲೆ ಓಣಿಯ ಹೆಂಗಸರು. ಅಜ್ಜ ಮಾತ್ರ ನಗಲಿಲ್ಲ.

"ಉಪ್ಪ ಹಾಕ್ರಿ," ಎಂದ. "ಬೀರಪ್ಪ ಹಸದಾನ."

ಎರಡನೆಯ ಎಡೆ ಆಯಿತು. ಅಜ್ಜ ಪ್ರಸಾದದ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ನುಂಗಿದ. ಇನ್ನೊಂದು ತುತ್ತು ಉಂಡ. ಆಮೇಲೆ ಎಡಗೈಯಿಂದ ಸಕ್ಕರೆಯ ಬಟ್ಟಲನ್ನು ಸಂಗಮೇಶನ ಕಡೆಗೆ ತಳ್ಳಿದ.

"ಹಂಚು. ನೀ ಮಾತ್ರ ಬಾಯಿ ಬಿಡಬ್ಯಾಡ."

ಬಸ್ಸಿನ ಹೊತ್ತಾಗಿತ್ತು. ಹಿರಿಯರು ಮುಂದೆ ನಡೆದರು. ಚಪ್ಪಲಿ ಮೆಟ್ಟುವ ನೆಪದಲ್ಲಿ ಬೀರೇಶ ಹಿಂದೆ ಉಳಿದ. ಸುಧಾರಾಣಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನಾಳಿಗೆ ಫೋನ್ ಮಾಡ್ಲೇನ್ರಿ?"

"ಕೆಲಸ ಯಾವಾಗ ಮುಗೀತೈತಿ?"

"ಕಡೀ ಗಿರಾಕಿ ಎದ್ದ ಮ್ಯಾಲ."

"ಅಷ್ಟೊತ್ತಿಗೆ ನಿಮ್ಮ ಊಟ ಆಗಿರ್ತೈತೇನು?"

"ಇಲ್ರಿ. ಎಲ್ಲಾರೂ ಉಂಡ ಮ್ಯಾಲ, ಒಬ್ಬನ ನಿಂತ ಉಣ್ತೇನಿ. ರೂಢಿ ಆಗೈತಿ."

ಅವಳು ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಹೊರಗೆ ಬಂದಳು.

"ಹಂಗಾರ ತಾಟ ಹಚ್ಚಿಕೊಂಡ ಕುಂತ ಫೋನ್ ಮಾಡ್ರಿ. ನಾನೂ ಆವಾಗ ಉಣ್ತೇನಿ."

"ಭಾಳ ತಡಾ ಆಗ್ತೈತ್ರಿ ಸುಧಾರಾಣಿ..."

ಅವನ ಬಾಯಲ್ಲಿ ತನ್ನ ಹೆಸರು ಮೊದಲ ಸಲ ಕೇಳಿ ಅವಳ ಮುಖ ಕೆಂಪಾಯಿತು.

"ಆಗ್ಲಿ," ಎಂದಳು. "ಆದ್ರ ಗಿರಾಕೀನ ಲಗೂನ ಎಬ್ಬಸ್ರಿ. ನನಗ ಹಸಿವು ತಡಿಯಂಗಿಲ್ಲ."