ಅಟ್ಟದ ಮೇಲಿನ ಡ್ರಮ್

ಬಟಾಣಿ ಸೂಪು ಆರುತ್ತಿದೆ ಎಂದು ಕೂಗಿ ಕೂಗಿ ಸಾಕಾಗಿ ಫೋಲ್ಕರ್ಟ್ ತಾನೇ ಅಟ್ಟ ಹತ್ತಿದ. ಮಗ ಡೌವ ಕಂಪ್ಯೂಟರಿನ ಮೇಜಿನ ಕೆಳಗೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಕಂಪ್ಯೂಟರಿಗೆ ಕರೆಂಟು ಕೊಡುವ ಕರಿ ಡಬ್ಬಿ. ಇಟ್ಟಿಗೆಯಷ್ಟೇ ಗಾತ್ರ, ಅಷ್ಟೇ ಭಾರ. ಅದರ ಮೂಲೆಗೆ ಕೂದಲು ಅಂಟಿತ್ತು.

ಫೋಲ್ಕರ್ಟ್ ಕಿರುಚಿದ. ಬೀದಿಯವರು ಓಡಿಬಂದರು. ಎಲ್ಲರಿಗಿಂತ ಮೊದಲು ಮೇಲೆ ಬಂದವನು ಎದುರುಮನೆಯ ಯೆಲ್ಮರ್, ಡೌವನ ಗೆಳೆಯ.

ಹಾರ್ಲಿಂಗನ್ ಬಂದರಿನಲ್ಲಿ ಫೋಲ್ಕರ್ಟನ ಸೈಕಲ್ ಅಂಗಡಿ ಎಲ್ಲರಿಗೂ ಗೊತ್ತು. ಅದರ ಅಟ್ಟ ಮಾತ್ರ ಇಂಗ್ಲೆಂಡಿನ ಆಟದ ಕಂಪನಿಗಳಿಗೆ ಹೆಚ್ಚು ಗೊತ್ತಿತ್ತು. ‘ಮೂರು ದನಿ’ ತಂಡ ಕಂಪ್ಯೂಟರ್ ಆಟಗಳಿಗೆ ಸಂಗೀತ ಕಟ್ಟುತ್ತಿದ್ದದ್ದು ಅಲ್ಲೇ. ರಾಗ ಡೌವನದು. ಅದನ್ನು ಯಂತ್ರದಿಂದ ನುಡಿಸುವ ಪ್ರೋಗ್ರಾಂ ಯೆಲ್ಮರನದು. ಡ್ರಮ್ಮಿನ ಸದ್ದುಗಳು ವೀಬ್ರೆನ್‌ನವು. ವೀಬ್ರೆನ್ ಆ ವರ್ಷ, 1988ರಲ್ಲಿ, ಕಡ್ಡಾಯ ಸೇನಾ ಸೇವೆಗೆಂದು ದಕ್ಷಿಣದ ಬ್ಯಾರಕ್ಕಿನಲ್ಲಿದ್ದ.

* * *

“ಸಂಜೆ ಯೆಲ್ಮರ್ ಅಟ್ಟ ಇಳಿದು ಹೊರಟಾಗ ನಿಮ್ಮ ಮಗ ಬದುಕಿದ್ದನಾ?” ಇನ್ಸ್‌ಪೆಕ್ಟರ್ ರೆನ್ಸ್ಕೆ ಕೇಳಿದಳು.

“ಇದ್ದ. ಯೆಲ್ಮರ್ ನಂಗೆ ಕೈ ಬೀಸಿ ಬಾಗಿಲು ದಾಟ್ತಿದ್ದ, ಮೇಲೆ ಇವನು ಸಂಗೀತ ಶುರು ಹಚ್ಕೊಂಡ.”

“ಕಂಪ್ಯೂಟರ್ ತಾನಾಗೇ ನುಡಿಸುತ್ತಲ್ಲ?”

“ಹಾಗಲ್ಲಮ್ಮ. ಒಂದು ತುಂಡು ನಾಲ್ಕಾರು ಸಲ. ನಿಲ್ಲಿಸ್ತಾನೆ. ಒಂಚೂರು ಬದಲಾಯಿಸ್ತಾನೆ. ಮತ್ತೆ ಅದೇ. ಯಂತ್ರಕ್ಕೆಲ್ಲಿ ಅಷ್ಟು ಚಪಲ? ಅದು ಡೌವನೇ. ಬೆಳಿಗ್ಗೆ ಡ್ರಮ್ಮೇ ಕೇಳಿಸ್ಲಿಲ್ಲ, ಪುಣ್ಯ ಅಂದ್ಕೊಂಡೆ. ಸಂಜೆ ಶುರುವಾಯ್ತು ನೋಡಿ, ಗೋಡೆ ಮೇಲಿನ ಸ್ಪ್ಯಾನರುಗಳೆಲ್ಲ ಕುಣಿದ್ವು.”

“ಆಮೇಲೆ ಮೇಲೆ ಯಾರಾದ್ರೂ ಹೋದ್ರಾ?”

“ಇಲ್ಲ. ಮೆಟ್ಟಿಲ ಬುಡದಲ್ಲೇ ಚಕ್ರ ಕಟ್ತಾ ಕೂತಿದ್ದೆ. ಅಟ್ಟಕ್ಕೆ ಬೇರೆ ದಾರಿ ಇಲ್ಲ.”

ರೆನ್ಸ್ಕೆಯ ಪೆನ್ನು ನಿಂತಿತು. ಮನುಷ್ಯ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುತ್ತಿದ್ದ.

“ಫೋಲ್ಕರ್ಟ್, ಸರಿಯಾಗಿ ನೆನಪಿಲ್ಲ ಅಂದ್ರೂ ನಡೆಯುತ್ತೆ.”

“ನನ್ನ ಮಗ ಕೆಲಸ ಮಾಡೋ ಸದ್ದು ನಂಗೆ ಗೊತ್ತಾಗಲ್ವಾ?”

ಹೊರಗೆ ಸಾರ್ಜೆಂಟ್ ಬೌಕ ಕಾಯುತ್ತಿದ್ದ. “ಮುಗೀತು ಮೇಡಂ. ಸದ್ದಿಗಾಗಿ ಅಪ್ಪ ಮಗ ದಿನಾ ಕಿತ್ತಾಡ್ತಿದ್ರು ಅಂತ ಯೆಲ್ಮರ್ ಹೇಳಿದಾನೆ. ಇನ್ನೇನು ಬೇಕು? ಮುದುಕನ ಸಹಿ ಬೇಕಾ?”

“ಮಗನನ್ನ ಕೊಂದವನು, ಯೆಲ್ಮರ್ ಹೋದ ಮೇಲೂ ಮಗ ಬದುಕಿದ್ದ ಅಂತ ಯಾಕೆ ಹಟ ಹಿಡೀತಾನೆ ಬೌಕ?”

“ದಡ್ಡ ಇರ್ಬೇಕು.”

“ಇಲ್ಲಾಂದ್ರೆ ನಿಜ ಹೇಳ್ತಿರ್ಬೇಕು.”

ಅಂದೇ ಫೋಲ್ಕರ್ಟ್ ಲಾಕಪ್ಪಿಗೆ ಹೋದ. ಮೇಲಿನವರ ಆದೇಶ.

* * *

ಮೂರು ದಿನದ ಮೇಲೆ ರೆನ್ಸ್ಕೆ ಮತ್ತೆ ಅಟ್ಟ ಹತ್ತಿದಳು. ಮೇಜಿನ ಮೇಲಿನ ಕಂಪ್ಯೂಟರು ಹೊಸದು, ಬಿಳಿಚು ಬಣ್ಣದ್ದು. ಹಳೆಯ ಕಂದು ಯಂತ್ರ ಮೂಲೆಯಲ್ಲಿತ್ತು. ಕೊಲೆಗೆ ಬಳಸಿದ್ದು ಅದರ ಡಬ್ಬಿ. ಹೊಸದನ್ನು ಅಪ್ಪನೇ ಆ ದಿನ ಬೆಳಿಗ್ಗೆ ತಂದುಕೊಟ್ಟಿದ್ದ. ಆಂಪ್ಲಿಫೈಯರಿನ ಪಕ್ಕ ಕ್ಯಾಸೆಟ್ ರೆಕಾರ್ಡರ್, ಖಾಲಿ.

ಬೆಳಿಗ್ಗೆ ಡ್ರಮ್ ಇಲ್ಲ. ಸಂಜೆ ಇದೆ.

ಅವಳು ಬ್ಯಾರಕ್ಕಿಗೆ ಫೋನ್ ಮಾಡಿದಳು. ವೀಬ್ರೆನ್ ಅಳುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟ. ಆಮೇಲೆ ಅವಳು ಯೆಲ್ಮರನನ್ನು ಕರೆಸಿದಳು.

* * *

“ಡೌವನ ಕೊನೇ ಹಾಡು ಹಾಕಪ್ಪಾ. ಅವರಪ್ಪ ಕೇಳಿದ್ದು ಅದೇನಾ ಅಂತ ನೋಡ್ಬೇಕು. ಬೌಕ, ನೀನು ಕೆಳಗೆ ಕೂತು ಕೇಳು.”

ಯೆಲ್ಮರ್ ಡಿಸ್ಕು ತೂರಿಸಿದ. ರಾಗ ಹೊಮ್ಮಿತು. ಡ್ರಮ್ ಬರಬೇಕಾದ ಕಡೆ ಕಾಗದದ ಮೇಲೆ ಉಗುರು ಗೀಚಿದಂಥ ಸದ್ದು, ಅಷ್ಟೇ. ಅವನು ಆಂಪ್ಲಿಫೈಯರಿನ ಗುಂಡಿ ತಿರುಗಿಸಿದ. ಇನ್ನೂ ತಿರುಗಿಸಿದ. ರಾಗ ಕಿವಿ ಹರಿಯುವಷ್ಟಾಯಿತು. ಡ್ರಮ್ ಏಳಲಿಲ್ಲ.

“ಡ್ರಮ್ ಎಲ್ಲಯ್ಯಾ?” ಬೌಕ ಕೆಳಗಿನಿಂದ ಕೂಗಿದ. “ಸ್ಪ್ಯಾನರುಗಳೆಲ್ಲ ನಿದ್ದೆ ಮಾಡ್ತಿವೆ!”

“ವೈರ್ ಸರಿ ಇಲ್ಲ,” ಎಂದ ಯೆಲ್ಮರ್.

“ವೈರ್ ಸರಿ ಇದೆ. ಈ ಹೊಸ ಯಂತ್ರದ ಸಂಗೀತದ ಚಿಪ್ಪೇ ಬೇರೆ. ನಿಮ್ಮ ಡ್ರಮ್ ಇದರಲ್ಲಿ ಹೆಚ್ಚುಕಡಿಮೆ ಕೇಳಿಸೋದೇ ಇಲ್ಲ. ಬ್ಯಾರಕ್ಕಿನಲ್ಲಿರೋ ಇಂಥದ್ದೇ ಯಂತ್ರದಲ್ಲಿ ನುಡಿಸಿ ನೋಡಿ ವೀಬ್ರೆನ್ ಕಂಡ್ಕೊಂಡಿದ್ದ. ನಿನಗಿನ್ನೂ ಹೇಳಿರಲಿಲ್ಲ.”

ಯೆಲ್ಮರ್ ಕೈ ಗುಂಡಿಯ ಮೇಲೇ ಉಳಿಯಿತು.

“ಹಾಗಾದ್ರೆ ಫೋಲ್ಕರ್ಟ್ ಕೇಳಿದ್ದು ಹಳೇ ಯಂತ್ರದ ಸದ್ದು. ಅದು ಕರೆಂಟಿಲ್ಲದೆ ಮೂಲೇಲಿತ್ತು, ಡಬ್ಬಿ ರಕ್ತದಲ್ಲಿತ್ತು. ಉಳಿದದ್ದು ಕ್ಯಾಸೆಟ್. ಡೌವ ಕೆಲಸ ಮಾಡುವಾಗೆಲ್ಲ ನೀನು ರೆಕಾರ್ಡ್ ಮಾಡಿ ವೀಬ್ರೆನ್‌ಗೆ ಕಳಿಸ್ತಿದ್ದೆ, ಅವನೂ ಕೇಳಲಿ ಅಂತ. ಹಿಂದಿನ ವಾರದ್ದು ಇಲ್ಲೇ ಇತ್ತು. ಡೌವ ಬಿದ್ದ ಮೇಲೆ ಅದನ್ನ ಹಾಕಿ, ಅವರಪ್ಪನಿಗೆ ಕೈ ಬೀಸಿ ಹೋದೆ. ಕೂಗು ಕೇಳಿದಾಗ ಮೊದಲು ಓಡಿಬಂದೆ, ಕ್ಯಾಸೆಟ್ ಜೇಬಿಗೆ ಹಾಕ್ಕೊಂಡೆ. ಆಮೇಲೆ ಅದನ್ನ ಸುಡಲಿಲ್ಲ, ಅಂಚೆಗೆ ಹಾಕಿದೆ. ನಿನ್ನೆ ವೀಬ್ರೆನ್ ಕೈ ಸೇರಿದೆ. ಫೋನಲ್ಲೇ ಹಾಕಿ ಕೇಳಿಸಿದ. ಒಂದೇ ತುಂಡು ನಾಲ್ಕಾರು ಸಲ, ಡ್ರಮ್ ಸಮೇತ.”

“ಕ್ಯಾಸೆಟ್ ಬರ್ಲಿಲ್ಲ ಅಂದ್ರೆ ವೀಬ್ರೆನ್ ಕೇಳ್ತಿದ್ದ,” ಯೆಲ್ಮರ್ ಪಿಸುಗುಟ್ಟಿದ. “ಪ್ರತಿ ವಾರ ಕೇಳ್ತಾನೆ.”

“ಯಾಕಪ್ಪಾ ಕೊಂದೆ?”

“ಲಂಡನ್ನಿನ ಕಂಪನಿಯವರು ಡೌವನೊಬ್ಬನನ್ನೇ ಕೆಲಸಕ್ಕೆ ಕರೆದ್ರು. ಪ್ರೋಗ್ರಾಂ ನಾನೇ ಬರ್ಕೋತೀನಿ, ನಿಂದು ಯಂತ್ರದಲ್ಲಿ ಜಾಸ್ತಿ ಜಾಗ ತಿನ್ನುತ್ತೆ ಅಂದ.” ಅವನು ತಲೆಯೆತ್ತಿದ. “ನಗ್ತಾ ಅಂದ, ಮೇಡಂ.”

* * *

ಲಾಕಪ್ಪಿನ ಬಾಗಿಲು ತೆಗೆದು ರೆನ್ಸ್ಕೆ ಫೋಲ್ಕರ್ಟನ ಪಕ್ಕ ಕುಳಿತಳು. ಹೇಳದೆ ಬಿಡುವ ದಾರಿ ಇರಲಿಲ್ಲ. ಒಂದೊಂದೇ ಪದ ಆರಿಸಿ ಹೇಳಿದಳು.

ಅವನು ಪೂರ್ತಿ ಕೇಳಿಸಿಕೊಂಡ.

“ಅಂದ್ರೆ ನಾನು ಚಕ್ರ ಕಟ್ತಿದ್ದಾಗ ಅವನು ಸತ್ತು ಬಿದ್ದಿದ್ದ.”

“ಹೌದು.”

“ಕೊನೇ ಹೊತ್ತು ನಾನು ಕೆಳಗೆ, ಅವನು ಮೇಲೆ, ಇಬ್ರೂ ಕೆಲಸ ಮಾಡ್ಕೊಂಡಿದ್ವಿ ಅಂತ ಇಲ್ಲಿ ಕೂತು ನೆನೆಸ್ಕೋತಿದ್ದೆ.” ಅವನು ಅಂಗೈಯನ್ನು ಪ್ಯಾಂಟಿಗೆ ಉಜ್ಜಿದ. “ಜೈಲಾಗಿದ್ರೂ ಅದೊಂದು ನನ್ನ ಹತ್ರ ಇರ್ತಿತ್ತಲ್ಲಮ್ಮ.”

ಬಾಗಿಲು ತೆರೆದೇ ಇತ್ತು. ಅವನು ಬೇಗ ಏಳಲಿಲ್ಲ.