ಗಿಡ ನಿದ್ದೆ ಹೋಗುವ ಕಾಲ

ಬಾಗಿಲು ತಟ್ಟಿದ್ದು ಪಕ್ಕದ ಮನೆಯ ಬೇಕರಿಯವನು ಅಂತ ಗೊತ್ತಾದದ್ದೇ, ಅವಳು ಜಗಳಕ್ಕೆ ಟೊಂಕ ಕಟ್ಟಿ ನಿಂತಳು.

"ನಿಮ್ಮ ಮರದ ಎಲೆ..." ಅವನು ಶುರು ಮಾಡಿದ.

"ಗೊತ್ತು ರೀ, ನಿಮ್ಮ ಅಂಗಳದ ತುಂಬಾ ಬಿದ್ದಿದೆ. ಎಲೆ ಉದುರೋ ಕಾಲದಲ್ಲಿ ಮರ ನನ್ನ ಮಾತು ಕೇಳುತ್ತಾ? ಭಾನುವಾರ ಗುಡಿಸಿ ಬೆಂಕಿ ಹಚ್ತೀನಿ, ಸಾಕಾ?"

"ಅಯ್ಯೋ, ಬೆಂಕಿ ಬೇಡ! ನಿಮ್ಮ ಕಡೆ ಬಿದ್ದಿದ್ದನ್ನೂ ನನಗೆ ಕೊಡ್ತೀರಾ ಅಂತ ಕೇಳೋಕೆ ಬಂದೆ. ಗೊಬ್ಬರಕ್ಕೆ."

ಅವನ ಒಂದು ಹುಬ್ಬಿಗೆ ಮೈದಾಹಿಟ್ಟು ಮೆತ್ತಿಕೊಂಡಿತ್ತು. ಅವಳ ಕೋಪ ಎಲ್ಲಿ ಹೋಯಿತೋ, ಮುಖ ಮಾತ್ರ ಕೆಂಪಾಯಿತು.

ಒಳಗಿನಿಂದ ದೊಡ್ಡಮ್ಮ ಕೂಗಿದರು: "ಎಲೆ ಜೊತೆ ಇವಳನ್ನೂ ಒಂದಿಷ್ಟು ಹೊತ್ತು ಕರ್ಕೊಂಡು ಹೋಗಪ್ಪ, ಮನೆ ತಣ್ಣಗಿರುತ್ತೆ!"

ದಿನವಿಡೀ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಬರುವ ಅವಳಿಗೆ ಸಂಜೆ ತನ್ನ ಅಂಗಳದಲ್ಲಿ ಅವನ ಜೊತೆ ಮಾಡುವ ಮಣ್ಣಿನ ಕೆಲಸ ಹಿತವಾಗತೊಡಗಿತು. ಚಳಿಗೆ ಮೊದಲು ಗಿಡದ ಬುಡಕ್ಕೆ ಒಣ ಎಲೆ ಹೊದಿಸಬೇಕು, ಆದರೆ ಕಾಂಡಕ್ಕೆ ತಾಗಬಾರದು, ಕೊಳೆಯುತ್ತೆ ಅಂತ ಅವನು ಹೇಳಿಕೊಟ್ಟ. ನೀರು ಕಮ್ಮಿ ಮಾಡಿಸಿದ. ಅಮ್ಮ ಬಿಟ್ಟುಹೋದ ಗುಲಾಬಿಗೆ ಅವಳು ಕತ್ತರಿ ಹಾಕಲು ಹೋದಾಗ ಅಡ್ಡ ಬಂದ.

"ಈಗ ಕತ್ತರಿಸಿದ್ರೆ ಪಾಪ, ಆಸೆಪಟ್ಟು ಚಿಗುರುತ್ತೆ. ಆಮೇಲೆ ಚಳಿಗೆ ಸುಟ್ಟು ಹೋಗುತ್ತೆ. ತಡೀರಿ ಸ್ವಲ್ಪ."

ಬೆಳ್ಳುಳ್ಳಿ ನೆಡುವಾಗ ಅವಳು ಎಸಳುಗಳನ್ನೆಲ್ಲ ತಲೆಕೆಳಗಾಗಿ ಹೂತಿದ್ದಳು. ಅವನು ನಗುತ್ತಾ ಒಂದೊಂದೇ ತಿರುಗಿಸತೊಡಗಿದ. ಮಣ್ಣಿನೊಳಗೆ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಜನ್ಮದಲ್ಲಿ ಬೆಳ್ಳುಳ್ಳಿ ನೋಡದವರ ಹಾಗೆ ಅದನ್ನೇ ನೋಡುತ್ತಾ ಕೂತರು.

ಹೇಳಬೇಕಾದ ಮಾತೊಂದನ್ನು ಅವಳು ನುಂಗುತ್ತಲೇ ಬಂದಿದ್ದಳು. ದೂರದ ಊರಲ್ಲಿ ಅಕ್ಕ ಹೊಸ ಕನ್ನಡಕದಂಗಡಿ ತೆರೆಯುತ್ತಿದ್ದಳು. ದೊಡ್ಡಮ್ಮನನ್ನೂ ಕರ್ಕೊಂಡು ಬಂದುಬಿಡು ಅಂದಾಗ, ಎಲೆ ಉದುರುವ ಮೊದಲೇ, ಇವಳು ಹೂಂ ಅಂದಿದ್ದಳು.

ಕೊನೆಗೆ ಬಾಯಿ ಬಿಟ್ಟಿದ್ದು ದೊಡ್ಡಮ್ಮ. ಬ್ರೆಡ್ ತರಲು ಹೋದವರು ಬೇಕರಿಯಲ್ಲೇ ಹೇಳಿ ಬಂದರು.

ಅವತ್ತು ಸಂಜೆ ಅವನು ಬರಲಿಲ್ಲ. ಮರುದಿನವೂ ಇಲ್ಲ. ಅವಳಿಗೆ ಊಟ ರುಚಿಸಲಿಲ್ಲ. ಅಂಗಡಿಯಲ್ಲಿ ಒಬ್ಬರ ಗಾಜು ಇನ್ನೊಬ್ಬರ ಫ್ರೇಮಿಗೆ ಕೂರಿಸಿ ಬೈಸಿಕೊಂಡಳು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗುದ್ದಲಿಯ ಸದ್ದು. ಓಡಿ ಬಂದರೆ, ಅವನು ಗುಲಾಬಿಯನ್ನು ಬೇರಿನ ಮಣ್ಣು ಉದುರದಂತೆ ಎತ್ತಿ, ದೊಡ್ಡ ಕುಂಡದಲ್ಲಿ ಕೂರಿಸುತ್ತಿದ್ದ.

"ದೊಡ್ಡಮ್ಮನ್ನ ಕೇಳೇ ಅಗೆದೆ," ತಲೆ ಎತ್ತದೆ ಹೇಳಿದ. "ಎಲೆ ಉದುರಿದ ಮೇಲೆ ಗಿಡ ನಿದ್ದೆ ಹೋಗಿರುತ್ತೆ. ಜಾಗ ಬದಲಾಯಿಸೋಕೆ ಇದೇ ಒಳ್ಳೆ ಕಾಲ. ಅಮ್ಮನ ಗಿಡ ಅಲ್ವಾ, ನಿಮ್ಮ ಜೊತೆಗೇ ಬರಲಿ. ಅದಕ್ಕೇನೂ ಗೊತ್ತಾಗಲ್ಲ."

ಅವಳು ಕುಂಡದ ಅಂಚು ಹಿಡಿದಳು.

"ನನಗೆ ಗೊತ್ತಾಗುತ್ತಲ್ಲ? ನಾನೇನು ನಿದ್ದೆ ಹೋಗಿದೀನಾ?"

ಅವನ ಕೈ ನಿಂತಿತು.

"ಹೋಗಬೇಡ ಅಂತ ಯಾಕೆ ಒಂದು ಮಾತು ಹೇಳಲಿಲ್ಲ ನೀವು?"

"ಯಾವ ಬಾಯಲ್ಲಿ ಹೇಳಲಿ? ನಿಮ್ಮ ಅಕ್ಕ, ನಿಮ್ಮ ಅಂಗಡಿ. ನಾನು ಪಕ್ಕದ ಮನೆಯವನು."

"ಬರೀ ಪಕ್ಕದ ಮನೆಯವರಾ?"

ಅವನು ಎದ್ದು ನಿಂತ. ಮಣ್ಣಿನ ಕೈ ಎಲ್ಲಿಡಬೇಕೋ ತಿಳಿಯದೆ ಅಂಗಿಗೇ ಒರೆಸಿಕೊಂಡ. "ಅಲ್ಲ," ಅಂದ, ತೀರಾ ಮೆಲ್ಲಗೆ. "ಬೆಳಿಗ್ಗೆ ಒಲೆ ಹಚ್ಚುವಾಗಲೇ ಸಂಜೆ ಯಾವಾಗ ಆಗುತ್ತೋ ಅಂತ ಕಾಯೋನು ನಾನು. ಹೋಗಬೇಡಿ. ನನ್ನ ಜೊತೆ ಇರಿ."

"ಅಕ್ಕನಿಗೆ ಹೂಂ ಅಂದಾಗ ಇಲ್ಲಿ ನನಗೆ ಅಂತ ಯಾರೂ ಇರಲಿಲ್ಲ ರೀ," ಅಂದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. ಅಲ್ಲೇ ನಿಂತು ಫೋನ್ ಮಾಡಿದಳು.

"ಅಕ್ಕಾ, ಬೈಬೇಡ. ನಾನು ಬರ್ತಿಲ್ಲ... ಹೂಂ, ಒಬ್ರು ಇದ್ದಾರೆ. ಇಲ್ಲೇ ಇದ್ದಾರೆ. ಕೊಡ್ತೀನಿ, ನೀನೇ ಮಾತಾಡು."

ಅವನು ಗಾಬರಿಯಿಂದ ಎರಡೂ ಕೈ ಆಡಿಸುತ್ತಾ ಬೇಡ ಬೇಡ ಅಂದ. ಅವಳು ಬಿಡದೆ ಫೋನನ್ನು ಅವನ ಕಿವಿಗೆ ಒತ್ತಿ ಹಿಡಿದಳು.

"ನಮಸ್ಕಾರ ಅಕ್ಕಾ," ಅಂದ ಅವನು.