ಅಲುಗಾಡದೆ ಮಲಗಿದವಳು

ಬಿಂದಿಗೆಯ ಬಾಯಿಗೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ, ಹಿತ್ತಲ ಬಾವಿಯಿಂದ ಸೇದಿ ತಂದ ನೀರನ್ನು ಜಿನಶ್ರೀ ಚೊಂಬಿನಲ್ಲಿ ಮೊಗೆದು ಸುರಿಯುತ್ತಿದ್ದಳು. ಅವಳ ತವರಿನ ಜೈನರ ಮನೆಯಲ್ಲಿ ಸೋಸದ ನೀರನ್ನು ಯಾರೂ ಕುಡಿದವರಲ್ಲ. ಚನ್ನರಾಯಪಟ್ಟಣದ ಅತ್ತೆ ಮನೆಯಲ್ಲೂ ಅಷ್ಟೇ. ಈಗ ಹೊಳೆನರಸೀಪುರದ ಬಾಡಿಗೆ ಮನೆಯಲ್ಲಿ ಅವಳು, ಎಂಟು ವರ್ಷದ ಮಗಳು ತೇಜು, ಇಬ್ಬರೇ ಇದ್ದರೂ ಪದ್ಧತಿ ತಪ್ಪಿರಲಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಒದರಿ ಬಿಸಾಡುವಂತಿಲ್ಲ. ಅದರಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಮೆಲ್ಲಗೆ ಅದೇ ಬಾವಿಗೆ ಮರಳಿ ಬಿಡಬೇಕು.

ಬಿಂದಿಗೆಗೆ ಮುಚ್ಚಳವಾಗಿದ್ದದ್ದು ಒಂದು ದುಂಡನೆಯ ಹಿತ್ತಾಳೆ ಫಲಕ. ಮೆದುಳಿನ ಸ್ಕ್ಯಾನ್ ಬಗ್ಗೆ ಅವಳು ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ಬಂದ ಪ್ರಶಸ್ತಿ. 'ಅತ್ಯುತ್ತಮ ಯುವ ಸಂಶೋಧಕಿ' ಎಂದು ಕೆತ್ತಿದ ಅಕ್ಷರಗಳು ಹುಣಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಸವೆದು, ಈಗ ಬೆರಳಿಗೆ ಸಿಗುತ್ತಿದ್ದವು, ಕಣ್ಣಿಗಲ್ಲ.

"ಅಮ್ಮಾ, ರಂಜಿತಾ ಆಂಟಿ ಏನೋ ಕಳ್ಸಿದಾರೆ!" ತೇಜು ಫೋನ್ ಹಿಡಿದು ಓಡಿಬಂದಳು. "ಇದೇನಮ್ಮ, ಅಕ್ರೋಟಾ?"

"ಕೈ ಒದ್ದೆ ಕಣೇ ಪುಟ್ಟಿ. ಹಂಗೇ ಹಿಡ್ಕೊಂಡು ತೋರ್ಸು."

ಅದು ಆಹ್ವಾನಪತ್ರಿಕೆ. ರಾಷ್ಟ್ರಮಟ್ಟದ ಪ್ರಶಸ್ತಿ ಪಡೆದ ಮಲ್ಲಿಪಟ್ಟಣದ ಹೆಮ್ಮೆಯ ಮಗ ಡಾ. ದೇವರಾಜ್ ಅವರಿಗೆ ಹಾಸನದಲ್ಲಿ ಇಂದು ಸನ್ಮಾನ, ಉಪನ್ಯಾಸ. ಮೂಲೆಯಲ್ಲಿ ಅವನ ಫೋಟೋ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅವನ ಹಿಂದೆ, ಅವನಿಗಿಂತ ದೊಡ್ಡದಾಗಿ, ಒಂದು ಮೆದುಳಿನ ಚಿತ್ರ. ಅದರ ಒಂದು ಪಕ್ಕದಲ್ಲಿ ಅವರೆಕಾಳಿನಷ್ಟು ಪುಟ್ಟ ಕಪ್ಪು ಗುರುತು.

ಜಿನಶ್ರೀಯ ಕೈ ಸುರಿಯುತ್ತಲೇ ಇತ್ತು. ಬಿಂದಿಗೆ ತುಂಬಿ, ನೀರು ಹೊರಚೆಲ್ಲಿ, ಬಟ್ಟೆ ಒಳಕ್ಕೆ ಜಾರಿಬಿತ್ತು.

"ಅಮ್ಮ! ಎಲ್ಲಾ ಚೆಲ್ಲೋಯ್ತು!" ತೇಜು ಹಿಂದೆ ಸರಿದಳು. ಮತ್ತೆ ಕತ್ತು ಚಾಚಿ ಫೋನ್ ನೋಡಿದಳು. "ಯಾರ್ದಮ್ಮ ಈ ಮೆದುಳು?"

"ಯಾರೋ... ಅಲುಗಾಡ್ದೆ ಮಲಗಿದ್ದೋರ್ದು."

ಕೆಳಗೆ ರಂಜಿತಾಳ ಧ್ವನಿ ಸಂದೇಶವಿತ್ತು. ಪಿಯು ಕಾಲೇಜಿನಲ್ಲಿ ಜಿನಶ್ರೀ ಭೌತಶಾಸ್ತ್ರ ಹೇಳಿದರೆ ಅವಳು ಗಣಿತ ಹೇಳುತ್ತಾಳೆ. "ಲೇ ಜಿನಾ, ಇವ್ರು ನಿನ್ ಜೊತೆ ಲ್ಯಾಬಲ್ಲಿದ್ದೋರಲ್ವೇನೇ? ಮಧ್ಯಾಹ್ನದ ಕ್ಲಾಸ್ ನಾನ್ ತಗೋತೀನಿ, ಹೋಗ್ಬಾ. ಒಂದೊಳ್ಳೆ ಸೀರೆ ಉಟ್ಕೋ. ಆ ಬೂದಿ ಬಣ್ಣದ್ದಲ್ಲ, ನಿನ್ ದಮ್ಮಯ್ಯ!"

ಬೂದಿ ಬಣ್ಣದ್ದನ್ನು ಕೈಗೆತ್ತಿಕೊಂಡವಳು, ಮಡಚಿಟ್ಟು, ಪಾಚಿ ಹಸಿರಿನದನ್ನು ಉಟ್ಟಳು.

*

ಹಾಸನದ ಬಸ್ಸಿನಲ್ಲಿ ತೇಜು ಅವಳ ತೊಡೆಗೆ ಒರಗಿ ನಿದ್ದೆ ಹೋದಳು. ಕಿಟಕಿಯಾಚೆ ಅವರೆ ಹೊಲಗಳು ಹೂಬಿಟ್ಟು ನಿಂತಿದ್ದವು.

ಬೆಂಗಳೂರಿನ ಆ ಲ್ಯಾಬಿನಲ್ಲಿ ಒಂದು ರೂಢಿಯಿತ್ತು. ಅಡುಗೆ ಮಾಡಿದವರೇ ಮೊದಲು ರುಚಿ ನೋಡುವ ಹಾಗೆ, ಹೊಸ ವಿಧಾನ ಕಂಡುಹಿಡಿದವರೇ ಮೊದಲು ಸ್ಕ್ಯಾನರ್ ಒಳಗೆ ಮಲಗಬೇಕು. ಹಾಗೆ ಅವಳು ಮೊದಲ ಸಲ ಮಲಗಿದ ದಿನವೇ ಆ ಗುರುತು ಕಂಡದ್ದು. ಹುಟ್ಟಿನಿಂದ ಇರುವ ಪುಟ್ಟ ನೀರಿನ ಗುಳ್ಳೆ, ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ದೇವರಾಜ್ ಕಣ್ಣರಳಿಸಿ ನಕ್ಕಿದ್ದ.

"ನಿನ್ ತಲೇಲಿ ಅವರೆಕಾಳೈತೆ ಕಣಮ್ಮ. ನಾವು ಅರಕಲಗೂಡು ಕಡೆಯೋರು, ಅವರೆಕಾಳು ಕಂಡ್ರೆ ಬುಡಾಕಿಲ್ಲ."

"ಬಿಡದೆ ಏನ್ಮಾಡ್ತೀಯ?"

"ನೋಡ್ತಾ ಇರ್ತೀನಿ," ಎಂದು ಹೇಳಿ ಅವನೇ ನಾಚಿ ಮಾನಿಟರಿನ ಕಡೆ ತಿರುಗಿದ್ದ.

ಹನ್ನೆರಡು ವರ್ಷದ ಹಿಂದಿನ ಆ ಮಧ್ಯಾಹ್ನವೂ ಅವಳು ಒಳಗೆ ಮಲಗಿದ್ದಳು. ತಲೆಗೆ ಪಂಜರದಂಥ ಕವಚ. ಭಯವಾದರೆ ಒತ್ತಿ ಹೊರಗಿನವರನ್ನು ಕರೆಯಲೆಂದು ಕೈಯಲ್ಲಿ ರಬ್ಬರ್ ಚೆಂಡು. ಕಣ್ಣಿನ ಮೇಲಿದ್ದ ಕನ್ನಡಿಯಲ್ಲಿ ಗಾಜಿನಾಚೆ ಕೂತ ಅವನ ಮುಖ. ಸ್ಪೀಕರಿನಲ್ಲಿ ಅವನ ಮಾತು ಕೇಳಿತು: "ಅಲುಗಾಡಬೇಡ. ಮಾತಾಡಬೇಡ. ಯಂತ್ರ ನಿಲ್ಲೋವರೆಗೂ ಹಂಗೇ ಇರು."

ಒಂದು ಗಳಿಗೆ ಬಿಟ್ಟು, ಬೇರೆಯದೇ ದನಿಯಲ್ಲಿ: "ಜಿನಶ್ರೀ, ನನ್ನನ್ನ ಮದ್ವೆ ಆಗ್ತೀಯಾ?"

ಅಷ್ಟರಲ್ಲಿ ಯಂತ್ರ ಟಕಟಕ ಬಡಿಯತೊಡಗಿತು.

ಅವಳೊಳಗೆ ಏನೇನೋ ಎದ್ದು ಕುಣಿಯಿತು. ಆದರೆ ಕತ್ತು ಕೂದಲೆಳೆಯಷ್ಟು ಅಲುಗಿದರೂ ಅವನ ಚಿತ್ರ ಕೆಡುತ್ತದೆ. ಅವಳು ಎಂಜಲು ಸಹ ನುಂಗಲಿಲ್ಲ. ಕಣ್ಣೀರು ಕಿವಿಯೊಳಗೆ ಇಳಿದು ಕಚಗುಳಿ ಇಟ್ಟರೂ ಒರೆಸಿಕೊಳ್ಳಲಿಲ್ಲ. ಹೊರಗೆ ಬಂದಾಗ ಅವನು ಅವಳನ್ನು ನೋಡದೆ ಪರದೆ ನೋಡುತ್ತಿದ್ದ.

"ಚೆನ್ನಾಗಿ ಬಂದೈತೆ. ಒಂಚೂರೂ ಅಲುಗಾಡಿಲ್ಲ ನೀನು," ಅಂದ. ಅಷ್ಟೇ ಅಂದ.

ಇನ್ನೊಮ್ಮೆ ಕೇಳುತ್ತಾನೆ ಎಂದು ಅವಳು ಕಾದಳು. ಕೇಳಲಿಲ್ಲ. ತಾನಾಗಿ ಹೇಳಲು ಬಾಯಿ ಬರಲಿಲ್ಲ. ಕೇಳಿದ್ದಕ್ಕೆ ಪಶ್ಚಾತ್ತಾಪಪಡುತ್ತಿದ್ದಾನೇನೋ ಎನ್ನಿಸಿತು. ಅದೇ ವಾರ ಅಪ್ಪಾಜಿಗೆ ಪಾರ್ಶ್ವವಾಯು ಹೊಡೆಯಿತು. ಊರಿಗೆ ಬಂದವಳು ಮತ್ತೆ ಲ್ಯಾಬಿಗೆ ಹೋಗಲಿಲ್ಲ. ಅಪ್ಪಾಜಿ ನೋಡಿದ ಗಂಡು ಜಿತೇಂದ್ರ, ಪಾತ್ರೆ ಅಂಗಡಿಯವನು, ಒಳ್ಳೆಯವನು. ಅವಳೂ ಅವನಿಗೆ ಒಳ್ಳೆಯ ಹೆಂಡತಿಯೇ ಆಗಿದ್ದಳು. ಕೊರೊನಾದ ಎರಡನೇ ಅಲೆಯಲ್ಲಿ ಅವನು ಹೋದ.

ಅಂದಿನಿಂದ ತೇಜು ಹೊರಗಿನವರ ಮುಂದೆ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತು. ಹೊಸ್ತಿಲು ದಾಟಿದರೆ ಅಮ್ಮನ ಕಿವಿಯೇ ಗತಿ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಬಾಗಿಲಲ್ಲಿ ಮಗಳು ಪಿಸುಗುಟ್ಟಿದ್ದನ್ನು ಜಿನಶ್ರೀ ದೊಡ್ಡದಾಗಿ ಹೇಳುತ್ತಾಳೆ. ಒತ್ತಾಯ ಮಾಡಿದವಳಲ್ಲ. ಮೊಗ್ಗನ್ನು ಬಿಡಿಸಿ ಹೂ ಮಾಡಲಾದೀತೇ?

ತನ್ನ ಮಾತೂ ಹಾಗೇ ಎಲ್ಲೋ ನಿಂತಿತ್ತು. ಇವತ್ತಾದರೂ ಹೇಳಬೇಕು. 'ಬೇಡ' ಅನ್ನೋದಕ್ಕಲ್ಲ ನಾನು ಸುಮ್ಮನಿದ್ದದ್ದು. ಇಷ್ಟೇ. ಇಷ್ಟು ಅವನಿಗೆ ಗೊತ್ತಾದರೆ ಸಾಕು.

*

ಸಭಾಂಗಣ ತುಂಬಿತ್ತು. ಅವರು ಹಿಂದಿನ ಸಾಲಿನಲ್ಲಿ ಕೂತರು. ಹಾರ, ಪೇಟ, ಶಾಲು ಎಲ್ಲ ಮುಗಿದ ಮೇಲೆ ದೇವರಾಜ್ ಪೇಟ ತೆಗೆದು ಮೇಜಿನ ಮೇಲಿಟ್ಟು, ತಲೆ ಸವರಿಕೊಂಡ. ಕೈಯ ಆ ಅಭ್ಯಾಸ ಹಾಗೇ ಇತ್ತು.

"ನಮ್ಮವ್ವ ಹೊಗೆಸೊಪ್ಪು ಒಣಗಿಸೋ ಬ್ಯಾರನ್ನಲ್ಲಿ ಕೂಲಿ ಮಾಡ್ತಿದ್ಲು. ಇವತ್ತಿಗೂ ಬಯ್ತಾಳೆ, ‘ಊರೋರ್ ತಲೆಯೆಲ್ಲ ನೋಡ್ತೀಯ, ನಿನ್ ತಲೇಲೇನೈತೆ ಒಂದ್ಕಿತ ನೋಡ್ಕೊಳ್ಲಾ, ಮದ್ವೆ ವಯಸ್ಸು ದಾಟೋಯ್ತು’ ಅಂತ."

ಸಭೆ ನಕ್ಕಿತು. ಜಿನಶ್ರೀ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು.

ಅವನು ತನ್ನ ಕೆಲಸದ ಬಗ್ಗೆ ಹೇಳಿದ. ಮಕ್ಕಳು ಸ್ಕ್ಯಾನರಿನಲ್ಲಿ ಸುಮ್ಮನೆ ಮಲಗುವುದಿಲ್ಲ, ಚಿತ್ರ ಕಲಕಿಹೋಗುತ್ತದೆ, ಅದಕ್ಕೇ ಅರಿವಳಿಕೆ ಕೊಡಬೇಕಾಗುತ್ತದೆ. ಕಲಕಿದ ಚಿತ್ರದಿಂದಲೇ ತಿಳಿಯಾದ ಚಿತ್ರ ಪಡೆಯುವ ದಾರಿಗೆ ಈ ಪ್ರಶಸ್ತಿ ಬಂದದ್ದು.

"ಇದರ ಬೀಜ ನಂದಲ್ಲ. ನನ್ನ ಜೊತೆ ಕೆಲಸ ಮಾಡ್ತಿದ್ದೋರು ಒಬ್ರು ಹೇಳಿದ್ರು. ನೀರು ಸೋಸಿದ ಬಟ್ಟೇನ ಒದರಿ ಬಿಸಾಡಬಾರದು, ಅದರಲ್ಲೂ ಜೀವ ಇರ್ತದೆ, ವಾಪಸ್ ನೀರಿಗೇ ಬಿಡಬೇಕು ಅಂತ. ನಾವೆಲ್ಲ ಅಲುಗಾಡಿದ ಚಿತ್ರ ಬಿಸಾಡ್ತಿದ್ವಿ. ಅವತ್ತಿಂದ ಬಿಸಾಡೋದು ಬಿಟ್ಟೆ."

ಪರದೆಯ ಮೇಲೆ ಅವಳ ಮೆದುಳು ಮೂಡಿತು. ಅವರೆಕಾಳು ಸಹಿತ.

"ಇವರು ಸ್ವಯಂಸೇವಕಿ. ಹೆಸರು ಹೇಳೋಹಂಗಿಲ್ಲ. ಇಷ್ಟು ನಿಶ್ಚಲವಾದ ಸ್ಕ್ಯಾನ್ ನನಗೆ ಮತ್ತೆ ಯಾರದ್ದೂ ಸಿಗಲಿಲ್ಲ. ಇವತ್ತಿಗೂ ಬೇರೆ ಚಿತ್ರ ಎಷ್ಟು ಸರಿಯಾಯ್ತು ಅಂತ ನೋಡೋಕೆ ಇದನ್ನೇ ಪಕ್ಕದಲ್ಲಿ ಇಟ್ಕೊಳ್ತೀವಿ." ಅವನು ಪರದೆಯ ಕಡೆ ತಿರುಗಿ ನಿಂತಿದ್ದ. ಆ ಬೆನ್ನು ಎಷ್ಟು ಒಂಟಿಯಾಗಿ ಕಂಡಿತೆಂದರೆ, ಜಿನಶ್ರೀ ಕಣ್ಣು ತಗ್ಗಿಸಿದಳು.

"ಪ್ರಶ್ನೆ ಇದ್ರೆ ಕೇಳಿ," ಎಂದು ಸಂಘಟಕ ಅನಿಲ್‌ಕುಮಾರ್ ಮೈಕ್ ಹಿಡಿದು ಸಾಲುಗಳ ನಡುವೆ ಬಂದ. ತೇಜು ಅಮ್ಮನ ಕಿವಿಗೆ ಬಾಯಿಟ್ಟಳು. ಜಿನಶ್ರೀ ಬೇಡವೆಂದು ತಲೆಯಾಡಿಸಿದಳು. ತೇಜು ಸೆರಗು ಜಗ್ಗಿದಳು. ಕೊನೆಗೆ ಜಿನಶ್ರೀ ಎದ್ದು ನಿಂತಳು.

"ನನ್ನ ಮಗಳ ಪ್ರಶ್ನೆ. ಒಳಗೆ ಮಲಗಿರೋರಿಗೆ ಅಳು ಬಂದ್ರೆ ಏನ್ಮಾಡ್ಬೇಕು?"

ದೇವರಾಜ್ ಕುಡಿಯಲೆಂದು ಎತ್ತಿದ ನೀರಿನ ಲೋಟ ಹಾಗೇ ನಿಂತಿತು. ದೀಪದ ಬೆಳಕಿಗೆ ಕೈ ಅಡ್ಡ ಹಿಡಿದು, ಹಿಂದಿನ ಸಾಲನ್ನು ಹುಡುಕಿದ.

"ಕಣ್ಣೀರು ಬಂದ್ರೆ ಚಿತ್ರ ಕೆಡಲ್ಲ," ಅಂದ ನಿಧಾನವಾಗಿ. "ಒರೆಸ್ಕೊಳ್ಳೋಕೆ ಅಲುಗಾಡಿದ್ರೆ ಕೆಡ್ತದೆ. ಆದ್ರೆ... ಅತ್ತಿದ್ರು ಅನ್ನೋದು ಚಿತ್ರ ನೋಡಿದೋರಿಗೆ ಗೊತ್ತಾಗಲ್ಲ."

"ಗೊತ್ತಾಗಲ್ವಾ?" ಈ ಪ್ರಶ್ನೆ ಮಗಳದ್ದಾಗಿರಲಿಲ್ಲ.

ಅವನು ಕಿಟಕಿಯಾಚೆ ಬಾಗುತ್ತಿದ್ದ ಬಿಸಿಲನ್ನೊಮ್ಮೆ ನೋಡಿದ. "ಇಲ್ಲಿಗೆ ಮುಗಿಸೋಣ. ಇಲ್ಲೊಬ್ರು ಹೊತ್ತು ಮುಳುಗೋಕೆ ಮುಂಚೆ ಊಟ ಮಾಡ್ಬೇಕು."

*

ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೆಲದೊಳಗೆ ಬೆಳೆಯುವ ಗೆಡ್ಡೆ ತಿನ್ನುವುದಿಲ್ಲ ಎಂಬುದು ಅವನಿಗೆ ನೆನಪಿತ್ತು. ಪಕ್ಕದ ರಸ್ತೆಯ ಪುಟ್ಟ ಹೋಟೆಲಿನಲ್ಲಿ ಮೂವರೂ ಕೂತರು. ಅವನು ಎದುರಿಗೆ, ತೇಜು ಅಮ್ಮನ ಪಕ್ಕ, ಗೋಡೆಗೆ ಅಂಟಿಕೊಂಡು.

"ಮೂರು ಸಾದಾ ದೋಸೆ. ಪಲ್ಯ ಬೇಡ, ಈರುಳ್ಳಿ ಸೋಕಿಸ್ಬೇಡಿ," ಎಂದು ಮಾಣಿಗೆ ಹೇಳಿ, ಅವಳ ಕಡೆ ತಿರುಗಿದ. "ಹಾಸನ್ ಜಿಲ್ಲೇಲಿ ಹುಟ್ಟಿ ಆಲೂಗಡ್ಡೆ ತಿನ್ನದೋಳು ನೀನೊಬ್ಳೇ..." ತಟ್ಟನೆ ನಿಲ್ಲಿಸಿದ. "ಕ್ಷಮಿಸಿ. ಹಳೇ ಬಾಯಿ. 'ನೀನು' ಅಂದ್ಬುಟ್ಟೆ."

"ಇರ್ಲಿ ಬಿಡು," ಅಂದಳು ಜಿನಶ್ರೀ. ಆ ಒಂದು 'ಬಿಡು'ವಿಗೆ ಅವನ ಕಿವಿ ಕೆಂಪಾದದ್ದು ಕಂಡು, ಲೋಟದ ಮರೆಯಲ್ಲಿ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ.

"ಜಿತೇಂದ್ರ ಅವ್ರ ವಿಷ್ಯ ತಡವಾಗಿ ತಿಳೀತು. ಫೋನ್ ಮಾಡೋಣ ಅಂತ ತಗೊಳ್ಳೋದು, ಇಡೋದು. ಏನ್ ಅಂತ ಮಾತಾಡ್ಲಿ?"

"ಹೆಂಗಿದೀಯ ಅಂತ ಕೇಳಿದ್ರೂ ಆಗ್ತಿತ್ತು."

"ಹೆಂಗಿದೀಯ?"

ಅವಳು ದೋಸೆಯ ಅಂಚು ಮುರಿದಳು. "ನೀರು ಸೋಸ್ತೀನಿ. ಪಾಠ ಮಾಡ್ತೀನಿ. ಇವಳ ಜಡೆ ಹಾಕ್ತೀನಿ. ರಾತ್ರಿ ಇವಳು ಮಲಗಿದ್ಮೇಲೆ ಮನೇಲಿ ಗಡಿಯಾರದ ಸದ್ದು ಭಾರೀ ಜೋರು."

ಅವನು ತಟ್ಟೆಯಲ್ಲಿದ್ದ ತನ್ನ ಬೆಲ್ಲದ ಚೂರನ್ನು ತೇಜುವಿನ ತಟ್ಟೆಗೆ ಸರಿಸಿದ. ತೇಜು ಅವನನ್ನೂ ಬೆಲ್ಲವನ್ನೂ ಅಳೆದು ನೋಡಿ, ಬೆಲ್ಲ ಬಾಯಿಗೆ ಹಾಕಿಕೊಂಡಳು.

ಅನಿಲ್‌ಕುಮಾರ್ ಬಾಗಿಲಲ್ಲಿ ಇಣುಕಿದ. "ಸಾ, ಕಾರು ರೆಡಿ ಐತೆ ಸಾ. ಲೇಟಾದ್ರೆ ದೆಹಲಿ ಫ್ಲೈಟು ಸಿಗಾಕಿಲ್ಲ."

"ಬತ್ತೀನಿ, ಎರಡು ನಿಮಿಷ," ಎಂದು ಅವನನ್ನು ಕಳಿಸಿ, ದೇವರಾಜ್ ತೇಜುವಿನ ಕಡೆ ಬಾಗಿದ. "ನಿನ್ ಪ್ರಶ್ನೆ ಬಾಳ ಚೆನ್ನಾಗಿತ್ತು ಪುಟ್ಟಿ. ನಾನೂ ಒಂದ್ಸಲ ಒಂದು ಪ್ರಶ್ನೆ ಕೇಳಿದ್ದೆ, ನಿಮ್ಮಮ್ಮನ್ನ. ಆ ಮೆಷೀನಿನ ಒಳಗೆ ಮಲಗಿದ್ದಾಗ. ಗಾಜಿನ ಈಚೆ ಇದ್ರೆ ಧೈರ್ಯ ಇರ್ತದೆ ನೋಡು, ಅದಕ್ಕೆ. ಉತ್ತರ ಬರ್ಲಿಲ್ಲ." ಈಗ ಮಾತು ಮಗುವಿಗಲ್ಲ. "ಸ್ಕ್ಯಾನ್ ನೋಡ್ದೆ. ಒಂದು ಎಳೆ ಕದಲಿರ್ಲಿಲ್ಲ. ಕೇರಿ ಹುಡುಗ ಕೇಳಿದ್ದಕ್ಕೆ ಬಸದಿ ಬೀದಿ ಹುಡುಗಿ ಒಂಚೂರೂ ಅಲುಗಾಡಿಲ್ಲ ಅಂದ್ರೆ, ಅದಕ್ಕಿಂತ ಸ್ಪಷ್ಟ ಉತ್ತರ ಇನ್ನೇನ್ ಬೇಕು ಅಂದ್ಕೊಂಡೆ. ನಿನಗೆ ಮುಜುಗರ ಆಗ್ಬಾರ್ದು ಅಂತ ಮತ್ತೆ ಕೇಳ್ಲಿಲ್ಲ."

ಜಿನಶ್ರೀ ಕೈಯಲ್ಲಿದ್ದ ದೋಸೆಯ ಚೂರನ್ನು ತಟ್ಟೆಗೆ ಇಟ್ಟಳು. ಅವನ ಚಿತ್ರ ಕೆಡಬಾರದೆಂದು ಹಿಡಿದ ಉಸಿರು. ಅದನ್ನೇ ಅವನು 'ಇಲ್ಲ' ಎಂದು ಓದಿಕೊಂಡಿದ್ದ. ಓದಿಕೊಂಡು, ಆ 'ಇಲ್ಲ'ವನ್ನೇ ಇಷ್ಟು ವರ್ಷ ಕಣ್ಣೆದುರಿಗೆ ಇಟ್ಟುಕೊಂಡಿದ್ದ.

"ಕೈಯಲ್ಲಿ ರಬ್ಬರ್ ಚೆಂಡು ಇತ್ತಲ್ಲ," ಅಂದ ಅವನು ಮೆಲ್ಲಗೆ. "ಒಂದ್ಸಲ ಒತ್ತಿದ್ರೆ ಸಾಕಾಗಿತ್ತು."

"ಅದು ಭಯ ಆದ್ರೆ ಒತ್ತೋದು," ಅಂದಳು ಜಿನಶ್ರೀ. "ನಂಗೆ ಭಯ ಆಗಿರ್ಲಿಲ್ಲ."

ಅವನು ನೋಡಿದ. ಆ ನೋಟದಲ್ಲಿ ಮೊದಲು ಏನೂ ಅರ್ಥವಾಗದ ಗಲಿಬಿಲಿ, ಆಮೇಲೆ ನಿಧಾನವಾಗಿ, ಕಲಕಿದ ಚಿತ್ರ ತಿಳಿಯಾಗುವ ಹಾಗೆ, ಬೇರೆ ಏನೋ. ಹೊರಗೆ ಕಾರಿನ ಹಾರ್ನ್ ಕೂಗಿತು. ಮೇಜಿನ ಮೇಲೆ ಅವನ ಕೈ, ಅವಳ ಕೈ. ನಡುವೆ ಒಂದು ನೀರಿನ ಲೋಟ. ಎರಡೂ ಕೈ ಅಲುಗಾಡಲಿಲ್ಲ.

ತೇಜು ಅವರಿಬ್ಬರನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದಳು. ಆಮೇಲೆ ಕುರ್ಚಿಯ ಮೇಲೆ ಮೊಣಕಾಲೂರಿ ಎದ್ದು, ಬೆಲ್ಲದ ಬಾಯಿಯನ್ನು ಅಮ್ಮನ ಕಿವಿಗಿಟ್ಟು ಪಿಸುಗುಟ್ಟಿದಳು.

ಜಿನಶ್ರೀಯ ಮುಖ ಕಿವಿಯವರೆಗೆ ಕೆಂಪಾಯಿತು.

"ಏನಂತೆ?" ಎಂದ ದೇವರಾಜ್.

"ಇದನ್ನ ನಾನ್ ಕೇಳೋಕಾಗಲ್ಲ ಪುಟ್ಟಿ," ಎಂದಳು ಅವಳು, ಮಗಳ ಕೆನ್ನೆಯ ಮೇಲಿನ ಕೂದಲು ಸರಿಸುತ್ತ. "ಬೇಕಾದ್ರೆ ನೀನೇ ಕೇಳು. ಬೇಡಾಂದ್ರೆ ಬೇಡ."

ತೇಜು ಬಾಗಿಲ ಕಡೆ ನೋಡಿದಳು. ಮಾಣಿಯನ್ನು ನೋಡಿದಳು. ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೆಳಗಿಳಿದು, ಮೇಜಿಗೆ ಎರಡೂ ಕೈಯೂರಿ, ಎದುರಿಗೆ ಕೂತವನ ಮುಖ ನೋಡುತ್ತ ನಿಂತಳು. ಹೊರಗಿನವರೊಬ್ಬರ ಮುಂದೆ ಆ ದನಿ ಕೇಳಿ ನಾಲ್ಕು ವರ್ಷವಾಗಿತ್ತು.

"ಅಂಕಲ್, ಅಮ್ಮ ಇವಾಗ ಅಲುಗಾಡಬಹುದು. ಇನ್ನೊಂದ್ಸಲ ಕೇಳ್ತೀರಾ?"